ತೇಪೆಯಲ್ಲ, ಕಸಿ: ಗಾಜುನಾರಿನ ದೋಣಿಯೊಂದರ ರಿಪೇರಿ

ಅರಸೀಕೆರೆ ಸೀಮೆಯ ಕೊಬ್ಬರಿ ವ್ಯಾಪಾರಿಗಳ ಕಿವಿ ಬಹು ಸೂಕ್ಷ್ಮವಾದುದು. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಎತ್ತಿ ಕಿವಿಯ ಬಳಿ ಒಮ್ಮೆ ಅಲುಗಿಸಿದರೆ ಸಾಕು. ಒಳಗಿನ ನೀರು ಇಂಗಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟು ಗಿಟುಕಾಗಿದೆಯೋ ಇಲ್ಲವೋ ಎಂಬುದನ್ನು ಕಾಯಿ ಒಡೆಯದೆಯೇ ಹೇಳಬಲ್ಲರು. ಕಣ್ಣು ಹೊಗದ ಕಡೆ ಕಿವಿ ಹೊಗುತ್ತದೆ. ಇಲ್ಲಿ ನಾನು ಹೇಳಹೊರಟಿರುವುದು ತೆಂಗಿನಕಾಯಿಯ ವಿಷಯವಲ್ಲ, ಒಂದು ದೋಣಿಯ ವಿಷಯ. ಆದರೆ ಆ ದೋಣಿಯ ರೋಗವನ್ನು ಕೊನೆಗೆ ಪತ್ತೆ ಹಚ್ಚಿದುದು ಇಂಥದೊಂದು ಕಿವಿಯೇ. ಅದಕ್ಕೆ ಮೊದಲು, ಕಣ್ಣನ್ನೇ ನಂಬಿ ನಾವು ಮಾಡಿದ ತಪ್ಪನ್ನೂ ಹೇಳಬೇಕಾಗುತ್ತದೆ.

ಬೇಲೂರಿನ ಬಳಿ ಯಗಚಿ ಹೊಳೆಗೆ 2001ರಲ್ಲಿ ಅಣೆಕಟ್ಟು ಸಿದ್ಧವಾದ ಮೇಲೆ ಅಲ್ಲೊಂದು ವಿಶಾಲವಾದ ಜಲಾಶಯ ಏರ್ಪಟ್ಟಿತು. ಚೆನ್ನಕೇಶವನ ಗುಡಿಯನ್ನು ನೋಡಲು ಪ್ರವಾಸ ಹೋದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ನೀರಿನ ಮೇಲೆ ಯಂತ್ರದ ದೋಣಿಗಳ ಕ್ರೀಡೆಯನ್ನು ಕಂಡಿರಬಹುದು. ಅಂಥ ದೋಣಿಗಳಲ್ಲಿ ಜೆಟ್ ಸ್ಕೀ ಎಂಬುದು ಒಂದು ವಿಚಿತ್ರ ಬಗೆ. ಮೋಟಾರು ಸೈಕಲಿನ ಮೇಲೆ ಕುಳಿತಂತೆ ಕುಳಿತು ಇದನ್ನು ನಡೆಸುತ್ತಾರೆ. ಹೊರಗೆ ತಿರುಗುವ ರೆಕ್ಕೆಗಳೊಂದೂ ಇದಕ್ಕಿಲ್ಲ. ತಳದಲ್ಲಿರುವ ಬಾಯಿಯಿಂದ ನೀರನ್ನು ಒಳಗೆಳೆದು, ಪಂಪಿನ ಮೂಲಕ ಹಿಂದಕ್ಕೆ ರಭಸದಿಂದ ಚಿಮ್ಮುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಅನುಸಾರವಾಗಿ ದೋಣಿ ಮುಂದಕ್ಕೆ ಧಾವಿಸುತ್ತದೆ. ಕ್ಲೇಟನ್ ಜೇಕಬ್ಸನ್ ಎಂಬ ಅಮೆರಿಕನ್ನನ ಕಲ್ಪನೆ ಇದು. 1970ರ ದಶಕದ ಮೊದಲಲ್ಲಿ ಜಪಾನಿನ ಕವಾಸಾಕಿ ಸಂಸ್ಥೆಯವರು ಇದನ್ನು ಮಾರುಕಟ್ಟೆಗೆ ತಂದಾಗ ಕೊಟ್ಟ ವ್ಯಾಪಾರದ ಹೆಸರೇ ಜೆಟ್ ಸ್ಕೀ. ಜನ ಇಂದು ಆ ಜಾತಿಯ ದೋಣಿಗಳನ್ನೆಲ್ಲ ಅದೇ ಹೆಸರಿನಿಂದ ಕರೆಯುತ್ತಾರೆ.

ನನ್ನ ಪರಿಚಿತರೊಬ್ಬರು ಅರಸೀಕೆರೆಯಲ್ಲಿ ಪಂಪುಸೆಟ್ಟುಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾರೆ. ಪಂಪನ್ನು ಬಲ್ಲವರಿಗೆ ಪಂಪಿನಿಂದಲೇ ಓಡುವ ದೋಣಿಯ ಮೇಲೆ ಮೋಹ ಹುಟ್ಟಿದುದು ಆಶ್ಚರ್ಯವಲ್ಲ. ಕರಾವಳಿಯ ಕಡೆಯಿಂದ ಹಳೆಯ ಜೆಟ್ ಸ್ಕೀಯೊಂದನ್ನು ಅಗ್ಗವಾಗಿ ಕೊಂಡು ತಂದು ಕೊಬ್ಬರಿ ಕೊಟ್ಟಿಗೆಯ ಹಿಂದೆ ಇಳಿಸಿದರು. ಎಂಜಿನು ಅವರ ಕೈಗೆ ಬೇಗ ಬಗ್ಗಿತು. ತಳದ ಒಂದು ಅಂಚಿನಲ್ಲಿ ಮಾತ್ರ, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲವಾಗಿ ಬಣ್ಣದ ಸಿಪ್ಪೆ ಎದ್ದು ಒಳಗಿನ ನಾರು ಕಾಣುತ್ತಿತ್ತು. ಕಾರಿನ ತಗ್ಗುಗಳನ್ನು ತುಂಬುವ ಪುಟ್ಟಿಯನ್ನು ಅದಕ್ಕೆ ಮೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಹೊಡೆದದ್ದಾಯಿತು. ವಿಜ್ಞಾನ ಕಲಿಸುವವನೆಂದು ನನ್ನ ಅಭಿಪ್ರಾಯ ಕೇಳಿದಾಗ ‘ಇಷ್ಟು ಸಾಕು’ ಎಂದವನು ನಾನೇ. “ಮೇಷ್ಟ್ರೇ, ಹೊಸದಕ್ಕಿಂತ ಚೆನ್ನಾಗದೆ” ಎಂದು ಯಜಮಾನರು ಹಿಗ್ಗಿದರು.

ಅನುಮತಿ ಪಡೆದು ಊರ ಹೊರಗಿನ ಕೆರೆಯೊಂದರಲ್ಲಿ ದೋಣಿಯನ್ನು ಇಳಿಸಿದಾಗ ಅದನ್ನೇರಿದವನು ಕಾಲೇಜಿನಲ್ಲಿ ಓದುತ್ತಿರುವ ಅವರ ಮಗ. ಎರಡು ಸುತ್ತು ಸೊಗಸಾಗಿ ಹೊಡೆದ. ಮೂರನೆಯ ಸುತ್ತಿನಲ್ಲಿ ದೋಣಿಯ ಹಿಂಭಾಗ ಭಾರವಾಗಿ ಕುಸಿಯತೊಡಗಿತು. ಎಂಜಿನು ಕೆಮ್ಮಿ ನಿಂತಿತು. ಹುಡುಗ ಲೈಫ್ ಜಾಕೆಟ್ ತೊಟ್ಟಿದ್ದ, ಈಜನ್ನೂ ಬಲ್ಲ, ದಡ ಸೇರಿದ. ದೋಣಿಯನ್ನು ಎಳೆದು ತಂದು ಬಿರಡೆ ತೆಗೆದಾಗ ಕೊಡಗಟ್ಟಲೆ ನೀರು ಸುರಿಯಿತು. ಪುಟ್ಟಿ ಮೆತ್ತಿದ್ದ ಜಾಗ ಬರಿದಾಗಿತ್ತು. ಆ ಸಂಜೆ ಯಜಮಾನರು ನನಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ನಾವು ತಪ್ಪಿದುದೆಲ್ಲಿ? ಇದನ್ನು ತಿಳಿಯಲು ನಮ್ಮ ಹರಿಗೋಲನ್ನು ನೆನೆದುಕೊಳ್ಳಿ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಅದಕ್ಕೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಗ ಟಾರು ಬಳಿದ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸುತ್ತಾರೆ. ಇಲ್ಲಿ ಎರಡು ಕೆಲಸಗಳನ್ನು ಇಬ್ಬರು ಹಂಚಿಕೊಂಡಿದ್ದಾರೆ. ಭಾರವನ್ನು ಹೊರುವುದು ಬಿದಿರು. ಹೊದಿಕೆಯ ಕೆಲಸ ನೀರನ್ನು ತಡೆಯುವುದಷ್ಟೆ. ಆದುದರಿಂದ ಹೊದಿಕೆ ಹರಿದರೆ ಅಂಬಿಗನು ಒಂದು ತುಂಡು ಬಟ್ಟೆಗೆ ಟಾರು ಬಳಿದು ಅಂಟಿಸಿ ನಿಶ್ಚಿಂತನಾಗುತ್ತಾನೆ. ಅಲ್ಲಿ ತೇಪೆಯೇ ಸರಿಯಾದ ಚಿಕಿತ್ಸೆ. ಗಾಜುನಾರಿನ ದೋಣಿಯಲ್ಲಾದರೋ ಇಂಥ ಬಿದಿರಿನ ಹೆಣಿಗೆಯಿಲ್ಲ. ಚರ್ಮವೇ ಎಲುಬು, ಎಲುಬೇ ಚರ್ಮ. ಸುಮಾರು 5 ಮಿಲಿಮೀಟರು ದಪ್ಪದ ಆ ಚಿಪ್ಪು ನೀರನ್ನೂ ತಡೆಯಬೇಕು, ಎಳೆತವನ್ನೂ ಹೊರಬೇಕು. ನಾವು ನೀರಿಗೆ ಅಡ್ಡಲಾಗಿ ಬಾಗಿಲು ಹಾಕಿದೆವು, ಎಲುಬನ್ನು ಕೂಡಿಸಲಿಲ್ಲ.

ಆ ಎಲುಬಿನ ಸತ್ತ್ವ ಇರುವುದು ಗಾಜಿನ ಎಳೆಯಲ್ಲಿ. ಕೈಜಾರಿದರೆ ಒಡೆಯುವ ಗಾಜಿನಿಂದ ದೋಣಿಯೇ ಎಂದು ಆಶ್ಚರ್ಯಪಡುವವರು ಇಂದಿಗೂ ಉಂಟು. ಇಂಗ್ಲೆಂಡಿನ ಗ್ರಿಫಿತ್ ಎಂಬ ವಿಜ್ಞಾನಿ 1920ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ಸುಮಾರು ಒಂದು ಮಿಲಿಮೀಟರು ದಪ್ಪದ ಗಾಜಿನ ಕಡ್ಡಿ ಚದರ ಮಿಲಿಮೀಟರಿಗೆ 170 ನ್ಯೂಟನ್ನಿನಷ್ಟು ಎಳೆತಕ್ಕೆ ತುಂಡಾಯಿತು. ಅದೇ ಗಾಜನ್ನು ತಲೆಗೂದಲಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ತೆಳುವಾದ ಎಳೆಯಾಗಿ ಎಳೆದಾಗ ಅದು ಸುಮಾರು 3,400 ನ್ಯೂಟನ್ನಿನವರೆಗೆ ತಡೆಯಿತು. ಗಾಜು ದುರ್ಬಲವಾಗುವುದು ಅದರ ಮೈಮೇಲಿನ ಅತಿಸೂಕ್ಷ್ಮ ಬಿರುಕುಗಳಿಂದ. ಎಳೆ ತೆಳುವಾದಷ್ಟೂ ದೊಡ್ಡ ಬಿರುಕಿಗೆ ಅಲ್ಲಿ ಎಡೆಯೇ ಇರುವುದಿಲ್ಲ. ಇಂಥ ಎಳೆಗಳನ್ನು ರಾಳದಲ್ಲಿ ನೆನೆಸಿ ಹೆಪ್ಪುಗಟ್ಟಿಸಿದರೆ ದೊರೆಯುವುದೇ ಫೈಬರ್ ಗ್ಲಾಸ್. ಅಮೆರಿಕದ ಒಹಾಯೋದಲ್ಲಿ ರೇ ಗ್ರೀನ್ ಎಂಬಾತನು 1942ರಲ್ಲಿ ಗಾಜುನಾರು ಮತ್ತು ಪಾಲಿಯೆಸ್ಟರ್ ರಾಳದಿಂದ ದೋಣಿ ಮಾಡಿದ. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದಲ್ಲಿ ರೂಪುಗೊಂಡು 1993ರಲ್ಲಿ ಮೊದಲು ಹಾರಿದ ‘ಹಂಸ’ ವಿಮಾನದ ಒಡಲೂ ನಾರು ಮತ್ತು ರಾಳದ್ದೇ. ತೆಂಗಿನ ಊರಿನಲ್ಲಿ ಕುಳಿತು ತೆಂಗಿನ ನಾರನ್ನೇ ಏಕೆ ಬಳಸಬಾರದು ಎಂದು ಯಜಮಾನರ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ತೆಂಗಿನ ನಾರಿನ ಬಲ ಗಾಜಿನ ಎಳೆಯದರ ಹತ್ತರಲ್ಲೊಂದು ಪಾಲೂ ಇಲ್ಲ. ಅದು ಬಹಳ ಹಿಗ್ಗುತ್ತದೆ, ನೀರನ್ನೂ ಹೀರುತ್ತದೆ. ಹಗ್ಗಕ್ಕೆ ಗುಣವಾದುದು ಇಲ್ಲಿ ದೋಷ.

ದೋಣಿಯ ತಳದ ಮೇಲೆ ಬೀಳುವ ಹೊರೆಯನ್ನು ಪ್ರೌಢಶಾಲೆಯ ಗಣಿತದಿಂದಲೇ ಅಂದಾಜು ಮಾಡಬಹುದು. ಗಂಟೆಗೆ 72 ಕಿಲೋಮೀಟರು ಎಂದರೆ ಸೆಕೆಂಡಿಗೆ 20 ಮೀಟರು. ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ, 500 ಗುಣಿಸು 400, ಅಂದರೆ 2,00,000 ಪಾಸ್ಕಲ್ ಒತ್ತಡ. ಅಂಗೈಯಗಲದ, ನೂರು ಚದರ ಸೆಂಟಿಮೀಟರು ಜಾಗದ ಮೇಲೆ ಇದು ಸುಮಾರು 200 ಕಿಲೋಗ್ರಾಂ ತೂಕಕ್ಕೆ ಸಮ. ತಳವು ನೀರನ್ನು ಓರೆಯಾಗಿ ಸೀಳುವುದರಿಂದ ಎಲ್ಲೆಡೆಯೂ ಇಷ್ಟು ಬೀಳದು. ಅಲೆಯಿಂದ ಜಿಗಿದು ಅಪ್ಪಳಿಸಿದಾಗ ಒಂದೊಂದು ಕ್ಷಣ ಇದಕ್ಕಿಂತಲೂ ಹೆಚ್ಚಾಗಬಹುದು. ಪ್ರತಿ ಅಲೆಗೂ ತಳ ಕೂದಲೆಳೆಯಷ್ಟು ಒಳಕ್ಕೆ ಬಾಗಿ ಮತ್ತೆ ನೇರವಾಗುತ್ತದೆ. ಹೀಗೆ ಬಾಗುವ ಹಲಗೆಯ ಒಂದು ಮುಖ ಅದುಮಿಕೊಂಡರೆ ಇನ್ನೊಂದು ಮುಖ ಎಳೆತಕ್ಕೊಳಗಾಗಲೇಬೇಕು.

ಈಗ ಪುಟ್ಟಿಯ ಕಡೆ ತಿರುಗೋಣ. ಅದು ಏನೆಂಬುದನ್ನು ಬಲ್ಲವರಿಗೆ ಬೇಲೂರಿನಿಂದ 16 ಕಿಲೋಮೀಟರು ದೂರದ ಹಳೇಬೀಡು ನೆನಪಾಗದಿರದು. ಪಾಲಿಯೆಸ್ಟರ್ ರಾಳಕ್ಕೆ ಟಾಲ್ಕ್ ಎಂಬ ಖನಿಜದ ನುಣ್ಣನೆಯ ಪುಡಿಯನ್ನು ಬೆರೆಸಿ ಕಾರಿನ ಪುಟ್ಟಿಯನ್ನು ಮಾಡುತ್ತಾರೆ. ಹೊಯ್ಸಳ ಶಿಲ್ಪಿಗಳು 12ನೆಯ ಶತಮಾನದಲ್ಲಿ ಬೇಲೂರು ಹಳೇಬೀಡುಗಳ ಗುಡಿಗಳಿಗೆ ಆರಿಸಿಕೊಂಡ ಬಳಪದ ಕಲ್ಲಿಗೆ ಆ ಮೃದುತ್ವವನ್ನು ಕೊಟ್ಟಿರುವುದು ಟಾಲ್ಕ್, ಕ್ಲೋರೈಟ್ ಮುಂತಾದ ಮೆದು ಖನಿಜಗಳೇ. ಉಗುರಿನಿಂದ ಗೀರಬಹುದಾದಷ್ಟು ಮೆದುವಾದ ಟಾಲ್ಕ್, ಕಾಠಿಣ್ಯದ ಮಾಪನದಲ್ಲಿ 1ನೆಯ ಸ್ಥಾನದಲ್ಲಿರುತ್ತದೆ. ಕೊರಳ ಹಾರದ ಮಣಿಯೊಂದೊಂದನ್ನೂ ಬಿಡಿಸಿ ಕೆತ್ತಲು ಶಿಲ್ಪಿಗೆ ಸಾಧ್ಯವಾದುದೂ, ಗ್ಯಾರೇಜಿನ ಕೆಲಸಗಾರನು ಪುಟ್ಟಿಯನ್ನು ಸಲೀಸಾಗಿ ಉಜ್ಜಬಲ್ಲವನಾದುದೂ ಇದೇ ಗುಣದಿಂದ. ಆದರೆ ಹೊಯ್ಸಳೇಶ್ವರನ ಗೋಡೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕುಳಿತಿದೆ. ಅದು ಹೊರುವುದು ಮುಖ್ಯವಾಗಿ ಅದುಮುವ ಭಾರವನ್ನು. ದೋಣಿಯ ತಳದಲ್ಲಿ ಇರುವುದು ಎಳೆತ. ಟಾಲ್ಕಿನ ಪುಡಿ ಚಿಕ್ಕ ಚಿಕ್ಕ ಹಾಳೆಗಳ ರಾಶಿ. ಎಳೆತವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಅದರಲ್ಲಿ ಉದ್ದದ ಎಳೆ ಎಲ್ಲಿದೆ? ಸಾಲದುದಕ್ಕೆ ಈ ಪುಟ್ಟಿ ನೀರನ್ನೂ ಹೀರುತ್ತದೆ. ಕಾರಿನ ಬಾಗಿಲಿಗೆ ಅದು ಸಾಧು. ನೀರಿನೊಳಗಿರುವ ತಳಕ್ಕೆ ಸಲ್ಲದು.

ಎರಡನೆಯ ಸಲ ಕೆಲಸಕ್ಕೆ ಕೈಹಾಕುವ ಮೊದಲು ಯಜಮಾನರು ಐದು ರೂಪಾಯಿಯ ನಾಣ್ಯವೊಂದನ್ನು ಹಿಡಿದು ತಳವನ್ನೆಲ್ಲ ತಟ್ಟುತ್ತ ಹೋದರು. ಕೊಬ್ಬರಿ ಮನೆತನದ ಕಿವಿ ಅವರದು. ಗಟ್ಟಿಯಾದ ಕಡೆ ‘ಟಣ್’ ಎಂಬ ಚುರುಕಾದ ಸದ್ದು. ಗಾಯದಿಂದ ಒಂದಿಷ್ಟು ದೂರದವರೆಗೆ ‘ದಬ್’ ಎಂಬ ಮಂದ ಸದ್ದು. ಸದ್ದು ಬದಲಾಗುವ ಗೆರೆಯನ್ನು ಪೆನ್ಸಿಲಿನಿಂದ ಗುರುತಿಸಿದಾಗ, ನಾಣ್ಯದಗಲದ ಗಾಯದ ಕೆಳಗೆ ಮೂರು ಸೆಂಟಿಮೀಟರು ಅಗಲದ ಟೊಳ್ಳು ಹೊರಬಿತ್ತು. ಇದು ಕಲ್ಲಿಗೆ ತಾಗಿ ಆದ ಗಾಯವಲ್ಲ, ಹುಟ್ಟಿನ ದೋಷ. ದೋಣಿಯನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸುವಾಗ ಅಚ್ಚಿನ ಚೂಪಾದ ಮೂಲೆಗೆ ನಾರಿನ ಚಾಪೆ ಸರಿಯಾಗಿ ಇಳಿಯದೆ ಕಮಾನಿನಂತೆ ನಿಂತುಬಿಡುತ್ತದೆ. ಅದರ ಕೆಳಗೆ ಗಾಳಿ ಉಳಿಯುತ್ತದೆ. ಹೊರಗೆ ಹೊಳೆಯುವ ಜೆಲ್‌ಕೋಟು ಇರುವುದರಿಂದ ಕೊಳ್ಳುವವನಿಗೆ ಏನೂ ಕಾಣದು. ನಾವು ಅದರ ಮೇಲೆ ಪುಟ್ಟಿ ಮೆತ್ತಿದುದು ಹುಣ್ಣಿನ ಮೇಲೆ ಗಂಧ ಪೂಸಿದಂತಾಯಿತು.

ಹಾಗಾದರೆ ಮಾಡತಕ್ಕದ್ದೇನು? ಮಾವಿನ ಕಸಿ ಕಟ್ಟುವವರನ್ನು ನೋಡಿ. ಎರಡು ಕಡ್ಡಿಗಳ ತುದಿಯನ್ನು ಅಡ್ಡಲಾಗಿ ಕತ್ತರಿಸಿ ಮುಟ್ಟಿಸುವುದಿಲ್ಲ; ಎರಡನ್ನೂ ಉದ್ದಕ್ಕೆ ಓರೆಯಾಗಿ ಕೆತ್ತಿ, ಮುಖಕ್ಕೆ ಮುಖ ಹೊಂದಿಸಿ ಕಟ್ಟುತ್ತಾರೆ. ದೋಣಿಗೂ ಅದೇ ಉಪಾಯ. ಹಳೆಯ ಪದರಗಳನ್ನು ಗಾಯದ ಸುತ್ತಲೂ ತಟ್ಟೆಯ ಅಂಚಿನಂತೆ ಇಳಿಜಾರಾಗಿ ಸವೆಸಿ, ಆ ಇಳಿಜಾರಿನ ಮೇಲೆ ಹೊಸ ನಾರನ್ನು ಹಾಸಬೇಕು. ಎಷ್ಟು ಇಳಿಜಾರು? ದಪ್ಪದ 12 ಪಟ್ಟು ಎಂಬುದು ದೋಣಿ ಕಟ್ಟುವವರಲ್ಲಿ ರೂಢಿಯಾದ ಲೆಕ್ಕ. ನಮ್ಮ ತಳದ ದಪ್ಪ 5 ಮಿಲಿಮೀಟರು. ಇಳಿಜಾರು ಸುತ್ತಲೂ 60 ಮಿಲಿಮೀಟರು. ಮೂರು ಸೆಂಟಿಮೀಟರಿನ ತೂತಿಗಾಗಿ 15 ಸೆಂಟಿಮೀಟರು ಅಗಲದ ಜಾಗವನ್ನು ಸವೆಸಬೇಕು! ಗ್ರೈಂಡರ್ ಹಿಡಿದ ಯಜಮಾನರ ಕೈ ನಡುಗಿತು, ನನ್ನದೂ ನಡುಗುತ್ತಿತ್ತು.

ಇದು ಅತಿಯಲ್ಲ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ನಾರಿನ ಚಾಪೆಯಿಂದ ಮಾಡಿದ ಹಲಗೆ ಚದರ ಮಿಲಿಮೀಟರಿಗೆ ಸುಮಾರು 100 ನ್ಯೂಟನ್ ಎಳೆತವನ್ನು ತಡೆಯುತ್ತದೆ. ಒಂದು ಮಿಲಿಮೀಟರು ಅಗಲದ, 5 ಮಿಲಿಮೀಟರು ದಪ್ಪದ ಪಟ್ಟಿ 500 ನ್ಯೂಟನ್ನನ್ನು ಹೊರುತ್ತದೆಂದಾಯಿತು. ಹೊಸದಕ್ಕೂ ಹಳೆಯದಕ್ಕೂ ನಡುವೆ ಇರುವುದು ನಾರಲ್ಲ, ಬರಿಯ ರಾಳದ ಅಂಟು. ಒಂದರ ಮೇಲೊಂದು ಜಾರದಂತೆ ಅದು ಹಿಡಿಯಬೇಕು. 60 ಮಿಲಿಮೀಟರು ಉದ್ದಕ್ಕೆ ಹಂಚಿದರೆ ಚದರ ಮಿಲಿಮೀಟರಿನ ಪಾಲಿಗೆ 8 ನ್ಯೂಟನ್ನಿಗಿಂತ ಸ್ವಲ್ಪ ಹೆಚ್ಚು. ಇಳಿಜಾರು ಕೇವಲ 10 ಮಿಲಿಮೀಟರಾಗಿದ್ದರೆ 50 ನ್ಯೂಟನ್. ಹಳೆಯ ಪದರದ ಮೇಲೆ ಹೊಸ ಪಾಲಿಯೆಸ್ಟರಿನ ಹಿಡಿತ ಸಾಮಾನ್ಯವಾಗಿ ಹತ್ತರ ಆಸುಪಾಸಿನದು. ಉತ್ತರ ಅಲ್ಲೇ ಇದೆ.

ಸವೆಸುವ ಮೊದಲು ತೊಳೆಯಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಎಂಜಿನಿನ ಗೂಡಿನಲ್ಲಿ ಎಣ್ಣೆ ಇದ್ದೇ ಇರುತ್ತದೆ. ತೊಳೆಯದೆ ಉಜ್ಜಿದರೆ ಆ ಎಣ್ಣೆಯನ್ನು ನಾವೇ ನಾರಿನೊಳಕ್ಕೆ ತಿಕ್ಕಿದಂತಾಗುತ್ತದೆ. ಸಾಬೂನಿನ ನೀರು, ಆಮೇಲೆ ಅಸಿಟೋನಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆ, ಅನಂತರ ಗ್ರೈಂಡರು. ಕೊನೆಯದಾಗಿ 60 ಅಥವಾ 80ನೆಯ ನಂಬರಿನ ಒರಟು ಕಾಗದದಿಂದ ಗೀರುಗೀರಾಗಿ ಬಿಡಬೇಕು. ಹಳೆಯ ರಾಳ ಹೊಸದರೊಡನೆ ರಾಸಾಯನಿಕವಾಗಿ ಕೂಡುವ ಕಾಲ ಎಂದೋ ಮುಗಿದಿರುತ್ತದೆ. ಈಗಿನ ಹಿಡಿತವೆಲ್ಲ ಆ ಗೀರುಗಳದು. ಏಳುವ ಧೂಳು ಗಾಜಿನ ಧೂಳು ಎಂಬುದು ನೆನಪಿರಲಿ: ಮೂಗಿಗೆ ಒಳ್ಳೆಯ ಮುಸುಕು, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ ಬೇಕು. ಬಳಿಕ ತೇವದ ಪರೀಕ್ಷೆ. ಜಾಗದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಅಂಟಿಸಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಹಾಳೆಯ ಒಳಗಡೆ ಹನಿಗಳು ಕೂತಿದ್ದವು! ಮತ್ತೆ ಹತ್ತು ದಿನ ಕಾಯಬೇಕಾಯಿತು. ಅರಸೀಕೆರೆಯ ಒಣಗಾಳಿ ಇದಕ್ಕೆ ಅನುಕೂಲ; ಬೇಲೂರಿನ ಆಷಾಢದ ಜಡಿಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು.

ರಾಳದ ಆಯ್ಕೆಯಲ್ಲಿಯೂ ಒಂದು ತೊಡಕುಂಟು. ಒಳಮೈ ಒರಟಾಗಿ, ನಾರು ಕಾಣುವಂತಿದ್ದರೆ ಅದು ಕೈಯಿಂದ ಹಾಸಿದ ದೋಣಿ. ಅದಕ್ಕೆ ಪಾಲಿಯೆಸ್ಟರ್ ನಡೆಯುತ್ತದೆ. ಎರಡು ಮೈಯೂ ನುಣುಪಾಗಿದ್ದರೆ ಅದು ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆದುದಿರಬಹುದು. ಈಚಿನ ಅನೇಕ ಜೆಟ್ ಸ್ಕೀಗಳು ಈ ಬಗೆಯವು. ಅವಕ್ಕೆ ಪಾಲಿಯೆಸ್ಟರ್ ಸರಿಯಾಗಿ ಕಚ್ಚುವುದಿಲ್ಲ, ಎಪಾಕ್ಸಿಯನ್ನೇ ಬಳಸಬೇಕು. ಆಗ ನಾರನ್ನೂ ಬದಲಿಸಬೇಕು: ಕತ್ತರಿಸಿದ ನಾರಿನ ಚಾಪೆಯನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗುವಂಥದು, ಎಪಾಕ್ಸಿಯಲ್ಲಿ ಅದು ಕರಗದು. ಎಪಾಕ್ಸಿಗೆ ನೇಯ್ದ ಗಾಜುಬಟ್ಟೆಯೇ ಸರಿ.

ನಮ್ಮದು ಕೈಯಿಂದ ಹಾಸಿದುದು. ಪಾಲಿಯೆಸ್ಟರ್ ರಾಳ, ನೇರಳೆ ಬಣ್ಣದ ಕೋಬಾಲ್ಟ್ ದ್ರವ, ಕೆಟಲಿಸ್ಟ್ ಎಂದು ಅಂಗಡಿಯವರು ಕರೆಯುವ ಪೆರಾಕ್ಸೈಡು ಎಂದು ಮೂರು ಸೀಸೆಗಳು ಬಂದವು. ಇಲ್ಲಿ ತರುಣ ವಾಚಕರು ದಯವಿಟ್ಟು ನಿಧಾನವಾಗಿ ಓದಬೇಕು. ಕೋಬಾಲ್ಟನ್ನು ಮೊದಲು ರಾಳದಲ್ಲಿ ಪೂರ್ತಿಯಾಗಿ ಕಲಸಿ, ಆಮೇಲೆಯೇ ಕೆಟಲಿಸ್ಟನ್ನು ಸೇರಿಸಬೇಕು. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಉರಿಯೆದ್ದು ಸಿಡಿಯಬಹುದು. ಕೆಟಲಿಸ್ಟಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಯೇ ಹೋಗಬಹುದು. ಬಿದ್ದರೆ ಒಡನೆಯೇ ಧಾರಾಳವಾಗಿ ನೀರು ಹರಿಸುತ್ತ ವೈದ್ಯರಲ್ಲಿಗೆ ಓಡಬೇಕು. ಸ್ಟೈರೀನಿನ ಆವಿ ಸುಮಾರು 31 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕಿಡಿ ತಗುಲಿದರೆ ಹತ್ತಿಕೊಳ್ಳುವಷ್ಟಾಗುತ್ತದೆ. ಏಪ್ರಿಲ್ ತಿಂಗಳ ಅರಸೀಕೆರೆಯಲ್ಲಿ ಮಧ್ಯಾಹ್ನದ ಬಿಸಿಲು ಅದನ್ನು ಮೀರುತ್ತದೆ! ಮನೆಯಲ್ಲಿ ಎಂದರೆ ಹಿತ್ತಲಿನಲ್ಲಿ, ಗಾಳಿಯಾಡುವ ಕಡೆ, ಒಲೆಯಿಂದಲೂ ಬೀಡಿಯಿಂದಲೂ ದೂರ ಎಂದರ್ಥ. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು.

ಬೇಕಾದ ಪ್ರಮಾಣ ಎಷ್ಟು ಅಲ್ಪವೆಂದು ನೋಡಿ. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪೆಯ ಒಂದು ಪದರ ಹೆಪ್ಪುಗಟ್ಟಿದಾಗ ಸುಮಾರು ಒಂದು ಮಿಲಿಮೀಟರು ದಪ್ಪವಾಗುತ್ತದೆ. ನಮಗೆ ಬೇಕಾದುದು 15 ಸೆಂಟಿಮೀಟರಿನಿಂದ 5 ಸೆಂಟಿಮೀಟರಿನವರೆಗೆ ಕಿರಿದಾಗುತ್ತ ಹೋಗುವ ಐದು ಬಿಲ್ಲೆಗಳು. ಐದೂ ಸೇರಿ ತೂಕ 20 ಗ್ರಾಂ. ರಾಳ ಅದರ ಎರಡೂವರೆ ಪಟ್ಟು, 50 ಗ್ರಾಂ. ಕೆಟಲಿಸ್ಟು ರಾಳದ ನೂರಕ್ಕೆ ಒಂದೂವರೆ ಪಾಲಿನಂತೆ ಮುಕ್ಕಾಲು ಗ್ರಾಂ. ಇದನ್ನು ಸಿರಿಂಜಿನಿಂದ ಅಳೆಯಬೇಕೇ ಹೊರತು ಕಣ್ಣಳತೆ ಕೂಡದು. ಕಲಸಿದುದನ್ನು ಲೋಟದಲ್ಲಿ ಬಿಟ್ಟರೆ ತನ್ನ ಬಿಸಿಯಿಂದ ತಾನೇ ಬೇಗ ಹೆಪ್ಪುಗಟ್ಟುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಬಿಸಿ ಹರಡಿ ಸಮಯ ಸಿಗುತ್ತದೆ.

ಒಳಗಿನಿಂದ ತೂತಿಗೆ ಆಸರೆಯಾಗಿ ಮೇಣ ಸವರಿದ ತಗಡೊಂದನ್ನು ಒತ್ತಿ ನಿಲ್ಲಿಸಿ, ಹೊರಗಿನಿಂದ ಬಿಲ್ಲೆಗಳನ್ನು ಹಾಸಿದೆವು. ಚಿಕ್ಕದು ಮೊದಲೋ ದೊಡ್ಡದು ಮೊದಲೋ ಎಂಬ ಬಗ್ಗೆ ಕಸಬುದಾರರಲ್ಲಿ ಎರಡು ಮತಗಳಿವೆ. ದೊಡ್ಡದು ಮೊದಲು ಎಂಬುದು ನನ್ನ ಮತ: ಅದು ಇಡೀ ಇಳಿಜಾರನ್ನು ಹಿಡಿಯುತ್ತದೆ, ಕೊನೆಗೆ ಮೇಲ್ಮೈಯನ್ನು ಉಜ್ಜಿ ಸಮಮಾಡುವಾಗ ಸವೆಯುವುದು ಚಿಕ್ಕ ಬಿಲ್ಲೆಗಳೇ ಹೊರತು ಅದಲ್ಲ. ಬಿಲ್ಲೆಗಳ ಅಂಚನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿದರೆ ನಾರು ಹಳೆಯ ಪದರದಲ್ಲಿ ಹೊಂದಿಕೊಂಡು ಹೋಗುತ್ತದೆ. ಪ್ರತಿ ಪದರವನ್ನೂ ಕುಂಚದಿಂದ ಕುಟ್ಟಿ ಕುಟ್ಟಿ ಗಾಳಿಯನ್ನು ಹೊರಡಿಸಬೇಕು. ಬೆಳ್ಳಗೆ ಕಾಣುವ ಕಡೆ ಗಾಳಿ ಇದೆ. ನೆನೆದ ನಾರು ಗಾಜಿನಂತೆ ಪಾರದರ್ಶಕವಾಗುತ್ತದೆ. ದೋಣಿಯನ್ನು ಮೊದಲು ಮಾಡಿದವನು ಅವಸರಪಟ್ಟದ್ದು ಇಲ್ಲಿಯೇ.

ಕೊನೆಯ ಪದರ ಎರಡು ದಿನವಾದರೂ ಕೈಗೆ ಅಂಟುತ್ತಿತ್ತು. ಹೆದರಬೇಕಾದುದಿಲ್ಲ, ಗಾಳಿಯ ಆಮ್ಲಜನಕವು ಮೇಲ್ಮೈಯಲ್ಲಿ ರಾಳ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಸ್ವಲ್ಪ ಮೇಣ ಬೆರೆಸಿದ ರಾಳವನ್ನು ಮೇಲೆ ಬಳಿದರೆ ಮೇಣ ತೇಲಿ ಬಂದು ಗಾಳಿಗೆ ತೆರೆ ಹಾಕುತ್ತದೆ. ಅದು ಒಣಗಿದ ಮೇಲೆ ಮೇಣವನ್ನು ಒರೆಸಿ, ಉಜ್ಜಿ, ಜೆಲ್‌ಕೋಟು ಬಳಿದೆವು.

ಎಲ್ಲ ಗಾಯಗಳಿಗೂ ಈ ಮನೆಮದ್ದು ಸಲ್ಲದು. ಎಂಜಿನು ಕೂರುವ ಪೀಠಗಳು, ಪಂಪಿಗೆ ನೀರೊಯ್ಯುವ ಸುರಂಗ, ಇವುಗಳ ಬಳಿ ಬಿರುಕು ಬಿಟ್ಟಿದ್ದರೆ ಒಂದು ಮಿಲಿಮೀಟರು ಜರುಗಿದರೂ ತಿರುಗುವ ದಂಡ ನಡುಗಿ ಮತ್ತೆಲ್ಲವನ್ನೂ ಕೆಡಿಸುತ್ತದೆ. ನಾಣ್ಯದ ಮಂದ ಸದ್ದು ತಳದ ಹಲವೆಡೆ ಕೇಳಿಬಂದರೆ ಆ ದೋಣಿಯನ್ನು ನೀರಿಗಿಳಿಸದಿರುವುದೇ ಮೇಲು.

ಹದಿನೈದು ದಿನ ಬಿಟ್ಟು ಅದೇ ಕೆರೆಗೆ ಹೋದೆವು. ಈ ಸಲ ಯಜಮಾನರು ಮಗನನ್ನು ಹತ್ತಗೊಡಲಿಲ್ಲ. ದೋಣಿಗೆ ಉದ್ದನೆಯ ಹಗ್ಗ ಕಟ್ಟಿ, ತಾವೇ ಲೈಫ್ ಜಾಕೆಟ್ ತೊಟ್ಟು, ದಡದ ಪಕ್ಕದಲ್ಲಿಯೇ ಅರ್ಧ ಗಂಟೆ ಓಡಿಸಿದರು. ಎಳೆದು ತಂದು ಬಿರಡೆ ತೆಗೆದಾಗ ಬಂದುದು ಒಂದು ಚಮಚೆಯಷ್ಟು ನೀರು. ಅವರು ಆಗಲೂ ಏನೂ ಹೇಳದೆ, ಜೇಬಿನಿಂದ ಆ ಐದು ರೂಪಾಯಿಯ ನಾಣ್ಯವನ್ನು ತೆಗೆದು, ಒದ್ದೆಯಾದ ತಳದ ಕೆಳಗೆ ಮಲಗಿ, ಪೆನ್ಸಿಲಿನ ಗುರುತು ಇದ್ದ ಜಾಗವನ್ನು ಸುತ್ತಲೂ ತಟ್ಟುತ್ತ ಬಂದರು. ಬಳಿಕ ನಾಣ್ಯವನ್ನು ನನ್ನ ಕಡೆ ನೀಡಿ, “ನೀವೂ ಒಂದ್ಸಲ ಕೇಳ್ಬಿಡಿ ಮೇಷ್ಟ್ರೇ” ಎಂದರು.